ಹದಿಮೂರು ಮಂದಿ ಬಂದು ಹೋದ ಮನೆ: ಒಂದು ಪ್ರಕರಣ ಅಧ್ಯಯನ

ಇದು ಕಲ್ಯಾಣ ಕರ್ನಾಟಕದಲ್ಲಿ, ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ಒಂದು ಹಳ್ಳಿಯ ಪ್ರಕರಣ. ನಾಲೆಗೆ ನೀರು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂದರೂ ಇಲ್ಲಿನ ಹೊಲಕ್ಕೆ ನೀರು ಮುಟ್ಟುತ್ತದೆಂಬ ಖಾತ್ರಿ ಇಲ್ಲ. ಹತ್ತಿ, ಮೆಣಸಿನಕಾಯಿ ಬಿಡಿಸುವ ಕೆಲಸ ಮುಗಿಯುತ್ತಲೇ ಅರ್ಧ ಓಣಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಡುತ್ತದೆ. ಊರು, ತಾಲ್ಲೂಕು, ಜಾತಿ, ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ಕುಟುಂಬಗಳ ವಿವರಗಳನ್ನು ಕಲಸಿ ಬರೆಯಲಾಗಿದೆ. ಕಾಗದಪತ್ರದ ತೊಡಕುಗಳು ಮಾತ್ರ ಇಂಥ ಮನೆಗಳಲ್ಲಿ ಇರುವ ಹಾಗೆಯೇ ಇವೆ.

ಮನೆಯಲ್ಲಿ ಇದ್ದವರು ನಾಲ್ವರು: 34 ವರ್ಷದ ತಾಯಿ, 15 ತುಂಬಿದ ಹಿರಿಮಗಳು, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಯ ಹಿಡಿತ ತಪ್ಪುವ ಸ್ಥಿತಿ) ಇರುವ 8 ವರ್ಷದ ಮಗ, ಅಂಗನವಾಡಿಗೆ ಹೋಗುವ 4 ವರ್ಷದ ಕಿರಿಮಗಳು. ಗಂಡ 2023ರ ಜೂನ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕಾಮಾಲೆ ಏರಿ ತೀರಿಕೊಂಡ. ಅತ್ತೆ ಅದೇ ಊರಿನಲ್ಲಿ, ಇನ್ನೊಂದು ಓಣಿಯಲ್ಲಿ ಕಿರಿಮಗನ ಮನೆಯಲ್ಲಿದ್ದಳು. ಆದರೆ ರೇಷನ್ ಕಾರ್ಡಿನಲ್ಲಿ ಅವಳು ಈ ಮನೆಯ ಯಜಮಾನಿ. ಈ ಒಂದು ಸಂಗತಿ ಮುಂದೆ ಬಹಳ ಕಡೆ ಅಡ್ಡ ಬಂತು, ಕೊನೆಗೆ ಒಂದು ಕಡೆ ಉಪಕಾರಕ್ಕೂ ಬಂತು.

ಮೈಕ್ರೋಫೈನಾನ್ಸ್ ಸಾಲ ಮೂರು: ₹40,000, ₹30,000, ₹25,000. ಮೂರೂ ಹೆಂಗಸರ ಗುಂಪಿನ ಸಾಲ, ಮೂರೂ ತಾಯಿಯ ಹೆಸರಿನಲ್ಲಿ. ಕಂತುಗಳನ್ನೆಲ್ಲ ಕೂಡಿಸಿದರೆ ತಿಂಗಳಿಗೆ ₹6,400 ಆಗುತ್ತಿತ್ತು. ಗಂಡ ಹೋದ ಮೇಲೆ ಅವಳ ಕೈಗೆ ಕೂಲಿಯಿಂದ ಬರುತ್ತಿದ್ದುದು ತಿಂಗಳಿಗೆ ಹತ್ತು ಹನ್ನೆರಡು ದಿನದ ದುಡ್ಡು, ಮೂರು ಸಾವಿರವೂ ಅಲ್ಲ. ತವರಿನಿಂದ ತಮ್ಮ ತಿಂಗಳಿಗೆ ₹2,000 ಕಳಿಸುತ್ತಿದ್ದ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನ ಹೇಳುತ್ತದೆ. ಇಲ್ಲಿ ಕಂತೇ ಆದಾಯವನ್ನು ಮೀರಿತ್ತು.

ಯಾರ ಕಣ್ಣಿಗೆ ಏನು ಕಂಡಿತು

2024ರ ಜನವರಿಯಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಕರೆ ಮಾಡಿದರು: ಹಿರಿಮಗಳನ್ನು ಸೋದರಮಾವನಿಗೆ ಕೊಟ್ಟು ಮಾಘ ಮಾಸದಲ್ಲಿ ಲಗ್ನ ಮಾಡುತ್ತಾರೆ ಎಂದು. ಹುಡುಗನಿಗೆ 27. ದುಡ್ಡು ಕಳಿಸುತ್ತಿದ್ದ ತಮ್ಮನೇ ಅವನು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಪೊಲೀಸರೊಂದಿಗೆ ಬಂದರು, ತಾಯಿಯಿಂದಲೂ ತಮ್ಮನಿಂದಲೂ ಮುಚ್ಚಳಿಕೆ ಬರೆಸಿಕೊಂಡು ಹೋದರು.

ಅದಾಗಿ ಆರು ವಾರದಲ್ಲಿ ಆ ಮನೆಯ ಹೊಸ್ತಿಲು ತುಳಿದವರು ಹದಿಮೂರು ಮಂದಿ. ಆಶಾ, ಅಂಗನವಾಡಿ ಕಾರ್ಯಕರ್ತೆ, ಮೇಲ್ವಿಚಾರಕಿ, ಮುಖ್ಯೋಪಾಧ್ಯಾಯರು, ಸುತ್ತಲಿನ ಶಾಲೆಗಳನ್ನು ನೋಡುವ ಸಿಆರ್‌ಪಿ, ವಿಶೇಷ ಮಕ್ಕಳ ಶಿಕ್ಷಣ ನೋಡುವ ಬಿಐಇಆರ್‌ಟಿ, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಗ್ರಾಮ ಆಡಳಿತ ಅಧಿಕಾರಿ, ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆ, ಬೀಟ್ ಪೊಲೀಸ್, ಬ್ಯಾಂಕಿನ ಆರ್ಥಿಕ ಸಾಕ್ಷರತೆಯವರು, ಒಂದು ಸಂಸ್ಥೆಯ ಸ್ವಯಂಸೇವಕ. ಪ್ರತಿಯೊಬ್ಬರೂ ಆಧಾರ್ ಜೆರಾಕ್ಸ್ ಕೇಳಿದರು, ಪ್ರತಿಯೊಬ್ಬರೂ ಗಂಡ ಹೇಗೆ ಸತ್ತ ಎಂದು ಕೇಳಿದರು. ಜೆರಾಕ್ಸಿಗಾಗಿಯೇ ತಾಯಿ ಎರಡು ಸಲ ಹೋಬಳಿಗೆ ಹೋಗಿ ಬಂದು ಕೂಲಿ ಕಳೆದುಕೊಂಡಳು.

ಕೆಲಸ ಮಾಡಲಿಲ್ಲ ಎಂದು ಇವರಲ್ಲಿ ಯಾರನ್ನೂ ದೂರುವ ಹಾಗಿಲ್ಲ. ಆದರೆ ಒಬ್ಬೊಬ್ಬರಿಗೆ ಒಂದೊಂದೇ ಕಂಡಿತು. ಶಾಲೆಗೆ ಕಂಡದ್ದು 9ನೇ ತರಗತಿಯ ಗೈರುಹಾಜರಿ. ಇಲಾಖೆಗೆ ಕಂಡದ್ದು ಬಾಲ್ಯವಿವಾಹ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಂಡದ್ದು ವರ್ಷದಲ್ಲಿ ನಾಲ್ಕು ಸಲ ಕಫ ಕಟ್ಟಿ ಬಂದ ಹುಡುಗ. ಗುಂಪಿನ ಹೆಂಗಸರಿಗೆ ಕಂಡದ್ದು ತಮ್ಮ ಸೆರಗಿಗೆ ಬಿದ್ದ ಅವಳ ಕಂತು. ಹಿರಿಮಗಳು ಶಾಲೆ ಬಿಟ್ಟದ್ದೇಕೆ ಎಂಬ ಕಾಲಂನಲ್ಲಿ ನಾಲ್ಕು ನಮೂನೆಗಳು ನಾಲ್ಕು ಥರ ಬರೆದಿದ್ದವು: ಬಡತನ, ಹತ್ತಿ ಬಿಡಿಸಲು ಹೋಗುವುದು, ಪೋಷಕರ ತಿಳಿವಳಿಕೆ ಕೊರತೆ, ಮದುವೆ ನಿಶ್ಚಯ.

ನಿಜವಾದ ಉತ್ತರವನ್ನು ತಾಯಿ ಮೊದಲ ದಿನವೇ ಹೇಳಿದ್ದಳು, ಬರೆದುಕೊಂಡವರು ಇರಲಿಲ್ಲ. "ನಾ ಕೂಲಿಗೆ ಹೋದ್ರ ಈ ಹುಡುಗನ್ನ ಯಾರ ಕೈಯಾಗ ಕೊಟ್ಟು ಹೋಗ್ಲಿ ರೀ ಅಕ್ಕಾರ?" ಮಗನಿಗೆ ಕೂರಲು ಬರುವುದಿಲ್ಲ. ಉಣಿಸುವುದು, ತೊಳೆಯುವುದು, ಹೊರಳಿಸುವುದು ಎಲ್ಲವೂ ಇನ್ನೊಬ್ಬರ ಕೈಯಿಂದಲೇ ಆಗಬೇಕು. ತಾಯಿ ಹೊಲಕ್ಕೆ ಹೋದ ದಿನ ಅಕ್ಕ ಮನೆಯಲ್ಲಿ. ಅಕ್ಕನಿಗೆ ಹೆಚ್ಚು ಕೂಲಿ ಸಿಗುವ ದಿನ, ಅಂದರೆ ಹತ್ತಿ ಕಿಲೋ ಲೆಕ್ಕದಲ್ಲಿ ಬಿಡಿಸುವ ದಿನ, ತಾಯಿ ಮನೆಯಲ್ಲಿ. ಶಾಲೆಗೆ ಇವರಿಬ್ಬರ ಸರದಿಯಲ್ಲಿ ಜಾಗವೇ ಇರಲಿಲ್ಲ.

ಮೊದಲ ಸಭೆ ಕೆಟ್ಟದ್ದು

ಫೆಬ್ರುವರಿಯಲ್ಲಿ ಪಂಚಾಯ್ತಿ ಹಾಲ್‌ನಲ್ಲಿ ಎಲ್ಲರನ್ನೂ ಕೂಡಿಸಲಾಯಿತು. ಉದ್ದೇಶ ಒಳ್ಳೆಯದೇ. ಹದಿನಾಲ್ಕು ಕುರ್ಚಿ, ನಡುವೆ ತಾಯಿ. ಒಬ್ಬರಾದ ಮೇಲೊಬ್ಬರು ತಮ್ಮ ಇಲಾಖೆ ಏನು ಮಾಡಬಲ್ಲದು ಎಂದು ಹೇಳಿದರು. ಯೋಜನೆಗಳ ಹೆಸರು ಇಪ್ಪತ್ತು ಬಂದವು. ತಾಯಿಗೆ ನಿದ್ದೆ ಬರುವುದಿಲ್ಲ, ಮಾತ್ರೆ ಬೇಕಾಗಬಹುದು ಎಂಬ ಮಾತೂ ಅಲ್ಲೇ ಬಂತು, ಕಿಟಕಿಯಾಚೆ ಖಾತೆ ಬದಲಾವಣೆಗೆ ಬಂದು ನಿಂತವರೆಲ್ಲ ಕೇಳಿಸಿಕೊಂಡರು. ಸಂಜೆಗೆ ಓಣಿಯಲ್ಲಿ "ಆಕಿಗೆ ತಲಿ ಸರಿ ಇಲ್ಲಂತ" ಎಂದಾಯಿತು. ಮರುದಿನ ಆಶಾ ಕರೆದರೆ ತಾಯಿ ಬಾಗಿಲು ತೆಗೆಯಲಿಲ್ಲ.

ಅದೇ ವಾರ ಇನ್ನೊಂದು ಎಡವಟ್ಟು. "ಬಾಲ್ಯವಿವಾಹ ತಡೆ ಯಶಸ್ವಿ" ಎಂಬ ಸಾಲಿನೊಂದಿಗೆ ಹುಡುಗಿಯ ಫೋಟೊ ಒಂದು ವಾಟ್ಸಾಪ್ ಗುಂಪಿಗೆ ಬಿತ್ತು. ಬಾಲನ್ಯಾಯ ಕಾಯ್ದೆ 2015ರ ಸೆಕ್ಷನ್ 74 ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಫೋಟೊ ಅಳಿಸಲು ಎರಡು ತಾಸು ಸಾಕಾಯಿತು. ಅಷ್ಟರಲ್ಲಿ ಅದು ಹುಡುಗಿಯ ತರಗತಿಯ ಮಕ್ಕಳ ಮನೆಯ ಫೋನುಗಳಿಗೂ ತಲುಪಿತ್ತು. ಮತ್ತೆ ಶಾಲೆಗೆ ಬರಲು ಅವಳು ನಾಚಿಕೊಂಡದ್ದಕ್ಕೆ ಇದೂ ಒಂದು ಕಾರಣ, ಇದು ಯಾವ ವರದಿಯಲ್ಲೂ ಸೇರಿಲ್ಲ.

ಈ ಎರಡು ತಪ್ಪಿನಿಂದ ಒಂದು ಒಳ್ಳೆಯ ನಿರ್ಧಾರ ಹುಟ್ಟಿತು. ಮಾರ್ಚ್‌ನ ಎರಡನೇ ಸಭೆಗೆ ಐವರೇ ಬಂದರು. ಸೇರಿದ್ದು ಅಂಗನವಾಡಿಯಲ್ಲಿ, ಮಕ್ಕಳು ಮನೆಗೆ ಹೋದ ಮೇಲೆ. ತಾಯಿಯ ಪಕ್ಕದಲ್ಲಿ ಅವಳೇ ಕರೆತಂದ ನೆರೆಮನೆಯಾಕೆ ಕೂತಿದ್ದಳು. ಮೊದಲ ಪ್ರಶ್ನೆ: ಈ ಮನೆಯ ಮಟ್ಟಿಗೆ ಎಲ್ಲರ ಕೆಲಸದ ಜಾಡು ಹಿಡಿಯುವವರು ಯಾರು?

ಕಾಗದದ ಪ್ರಕಾರ ಅದು ಮಕ್ಕಳ ರಕ್ಷಣಾ ಘಟಕದ ಸಮಾಜ ಕಾರ್ಯಕರ್ತೆಯ ಕೆಲಸ. ಸಾಮಾಜಿಕ ತನಿಖಾ ವರದಿ, ವೈಯಕ್ತಿಕ ಆರೈಕೆ ಯೋಜನೆ ಬರೆಯುವವರು ಅವರೇ. ಆದರೆ ಅವರ ಕಚೇರಿ ಜಿಲ್ಲಾ ಕೇಂದ್ರದಲ್ಲಿ, ನೋಡಬೇಕಾದ ಪ್ರಕರಣಗಳು ಇಡೀ ಜಿಲ್ಲೆಯವು. ಹಾಗಾಗಿ ಮಕ್ಕಳ ಕಲ್ಯಾಣ ಸಮಿತಿಗೆ ಉತ್ತರ ಕೊಡುವ ಹೊಣೆ ಅವರಲ್ಲೇ ಉಳಿಯಿತು, ದಿನನಿತ್ಯದ ಹೊಣೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಿಗೆ ಬಂತು. ಇವರು ಗೌರವಧನದ ಮೇಲೆ ಪಂಚಾಯ್ತಿ ಮಟ್ಟದಲ್ಲಿ ದುಡಿಯುವ, ತಾವೂ ಅಂಗವಿಕಲರಾಗಿರುವ ಕಾರ್ಯಕರ್ತರು. ಕೂತಿದ್ದವರಲ್ಲಿ ಅತಿ ಕಡಿಮೆ ಸಂಬಳ ಅವರದು, ಅಧಿಕಾರವಂತೂ ಏನೂ ಇಲ್ಲ. ಆದರೆ ದಿನಾ ಪಂಚಾಯ್ತಿಯಲ್ಲಿ ಸಿಗುತ್ತಾರೆ, ಮನೆ ಗೊತ್ತು, ಹುಡುಗನ ಅಂಗವೈಕಲ್ಯದ ಕಾಗದ ಹೇಗೂ ಅವರ ಪಾಲಿನ ಕೆಲಸ. ಅವರ ಫೋನಿಗೆ ತಹಶೀಲ್ದಾರ್ ಕಚೇರಿ ಓಗೊಡದಿದ್ದರೆ? ಆಗ ಪಿಡಿಒ ಅದೇ ದಿನ ಕರೆ ಮಾಡಬೇಕು ಎಂದು ಒಪ್ಪಂದವಾಯಿತು. ಈ ಎರಡನೇ ಸಾಲು ಇಲ್ಲದಿದ್ದರೆ ಮೊದಲನೆಯದು ನಿಲ್ಲುತ್ತಿರಲಿಲ್ಲ.

200 ಪುಟದ ಒಂದು ಉದ್ದನೆಯ ನೋಟ್‌ಬುಕ್ ತರಲಾಯಿತು. ಐದು ಕಾಲಂ: ಕೆಲಸ, ಮಾಡುವವರು, ಬೇಕಾದ ಕಾಗದ, ದಿನಾಂಕ, ಏನಾಯಿತು. ನಿಯಮ ಎರಡೇ. ತಾಯಿಯ ಆರೋಗ್ಯದ ವಿಷಯ ಇದರಲ್ಲಿ ಬರೆಯುವಂತಿಲ್ಲ, ಅದು ಆಶಾ ಮತ್ತು ವೈದ್ಯರ ನಡುವೆ. ಇನ್ನೊಂದು, "ಅರ್ಜಿ ಕೊಟ್ಟಿದೆ" ಎಂಬುದು ಕೊನೆಯ ಕಾಲಂನಲ್ಲಿ ಬರುವಂತಿಲ್ಲ. ದುಡ್ಡಿನ ಕೆಲಸವಾದರೆ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬಿದ್ದ ದಿನವೇ ಗೆರೆ ಎಳೆಯಬೇಕು. ಜೊತೆಗೆ ಒಂದು ಪ್ಲಾಸ್ಟಿಕ್ ಫೈಲ್: ಪ್ರತಿ ಕಾಗದದ ಹತ್ತು ಜೆರಾಕ್ಸ್, ಪಾಸ್‌ಪೋರ್ಟ್ ಅಳತೆಯ ಫೋಟೊ ಹನ್ನೆರಡು. ಖರ್ಚನ್ನು ಮುಖ್ಯೋಪಾಧ್ಯಾಯರು ಕೊಟ್ಟರು. ಆಮೇಲೆ ಯಾರೇ ಬಂದರೂ ತಾಯಿ ಫೈಲ್ ಮುಂದಿಡುತ್ತಿದ್ದಳು, ಕಥೆ ಹೇಳುವ ಪ್ರಮೇಯ ಬರುತ್ತಿರಲಿಲ್ಲ.

ಗಂಟು ಎಲ್ಲಿತ್ತು

ನೋಟ್‌ಬುಕ್ಕಿನ ಮೂರನೇ ಕಾಲಂ ತುಂಬುತ್ತಾ ಹೋದಂತೆ ಒಂದೇ ಕಾಗದದ ಹೆಸರು ಆರು ಕಡೆ ಬಂತು: ಮರಣ ಪ್ರಮಾಣಪತ್ರ. ವಿಧವಾ ವೇತನಕ್ಕೆ ಅದು ಬೇಕು, ದುಡಿಯುವ ಯಜಮಾನ ಸತ್ತ ಬಿಪಿಎಲ್ ಮನೆಗೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ ಸಿಗುವ ₹20,000ಕ್ಕೆ ಬೇಕು, ರೇಷನ್ ಕಾರ್ಡಿನಿಂದ ಹೆಸರು ತೆಗೆಯಲು ಬೇಕು, ನರೇಗಾ ಜಾಬ್ ಕಾರ್ಡ್ ತಿದ್ದಲು ಬೇಕು, ಕಷ್ಟದಲ್ಲಿರುವ ಮಕ್ಕಳಿಗೆ ತಿಂಗಳ ನೆರವು ಕೊಡುವ ಪ್ರಾಯೋಜಕತ್ವಕ್ಕೆ ಬೇಕು, ಸಾಲದ ವಿಮೆಗೆ ಬೇಕು. ಪ್ರಮಾಣಪತ್ರ ಇತ್ತು, ಹೆಸರು ತಪ್ಪಿತ್ತು. ಆಸ್ಪತ್ರೆಗೆ ಸೇರಿಸಿದ ಮೇಸ್ತ್ರಿ ಊರಲ್ಲಿ ಕರೆಯುವ ಹೆಸರನ್ನೇ ಬರೆಸಿದ್ದ. ಆಧಾರ್‌ನಲ್ಲಿ ಇದ್ದದ್ದು ಬೇರೆ ಹೆಸರು, ಜೊತೆಗೆ ಅಪ್ಪನ ಹೆಸರು. ನಾಡಕಚೇರಿಯಲ್ಲಿ ಎರಡು ಸಲ ಅರ್ಜಿ ವಾಪಸ್ ಬಂದಿತ್ತು, ಕಾರಣ ಏನೆಂದು ತಾಯಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಅಲ್ಲಿಯವರೆಗೆ ಎಲ್ಲರೂ ತಂತಮ್ಮ ಅರ್ಜಿಯನ್ನು ಏಕಕಾಲಕ್ಕೆ ತಳ್ಳುತ್ತಿದ್ದರು. ಈಗ ತೀರ್ಮಾನ ಬದಲಾಯಿತು: ಮರಣ ಪತ್ರ ಸರಿಯಾಗುವವರೆಗೆ ಅದನ್ನು ಬೇಡುವ ಯಾವ ಅರ್ಜಿಯನ್ನೂ ಹಾಕುವುದು ಬೇಡ. ಕೇಳಲು ಇದು ಹಿಂದೆ ಸರಿದ ಹಾಗಿತ್ತು, ಸಿಆರ್‌ಪಿಯೊಬ್ಬರು ಒಪ್ಪಲಿಲ್ಲ. ಆದರೆ ತಿರಸ್ಕೃತವಾದ ಪ್ರತಿ ಅರ್ಜಿಗೂ ಒಂದು ಕೂಲಿ ದಿನ ಹೋಗುತ್ತದೆ, ತಾಯಿಯ ನಂಬಿಕೆಯೂ ಅಷ್ಟಷ್ಟೇ ಸವೆಯುತ್ತದೆ.

ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಹಾಗಾಗಿ ತಿದ್ದುಪಡಿಗೂ ಬೆಂಗಳೂರಿಗೇ ಹೋಗಬೇಕು. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅದೊಂದು ಅನುಕೂಲ. ಮೊದಲ ಸಲ ಅಫಿಡವಿಟ್, ಆಧಾರ್, ಇಬ್ಬರು ಸಾಕ್ಷಿಗಳ ಸಹಿ ಹಿಡಿದು ರಾತ್ರಿ ಬಸ್ಸಿಗೆ ಹೋದವಳು ಬರಿಗೈಲಿ ಬಂದಳು: ಆಸ್ಪತ್ರೆ ಕೊಟ್ಟ ವರದಿಯಲ್ಲೇ ತಪ್ಪು ಹೆಸರಿದೆ, ಮೊದಲು ಅಲ್ಲಿಂದ ಪತ್ರ ತನ್ನಿ ಎಂದರು. ಇದನ್ನು ಒಂದು ಫೋನಿನಲ್ಲಿ ತಿಳಿಯಬಹುದಿತ್ತು. ಎರಡನೇ ಸಲ ಸಮಾಜ ಕಾರ್ಯಕರ್ತೆ ಮೊದಲೇ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಇಲಾಖೆಯ ಪತ್ರ ಕಳಿಸಿ, ಒಳರೋಗಿ ಸಂಖ್ಯೆ ಹುಡುಕಿಸಿ ಇಟ್ಟಿದ್ದರು. ಏಪ್ರಿಲ್ ಕೊನೆಗೆ ತಿದ್ದಿದ ಪ್ರಮಾಣಪತ್ರ ಬಂತು. ಸ್ವಯಂಸೇವಕ ಎಂಟು ಪ್ರತಿ ಮಾಡಿಸಿದ.

ಅಲ್ಲಿಂದ ಕೆಲಸ ಓಡಿತು, ಆದರೆ ಎಡವಿ ಎಡವಿ. ವಿಧವಾ ವೇತನಕ್ಕೆ ವಾರ್ಷಿಕ ಆದಾಯದ ಮಿತಿ ₹32,000. ಎರಡು ವರ್ಷದ ಹಿಂದೆ ಹಿರಿಮಗಳ ವಿದ್ಯಾರ್ಥಿವೇತನಕ್ಕಾಗಿ, ಗಂಡ ದುಡಿಯುತ್ತಿದ್ದಾಗ ಮಾಡಿಸಿದ ಆದಾಯ ಪ್ರಮಾಣಪತ್ರದಲ್ಲಿ ₹45,000 ಎಂದಿತ್ತು, ಅದರ ಅವಧಿಯೂ ಮುಗಿದಿರಲಿಲ್ಲ. ಗ್ರಾಮ ಆಡಳಿತ ಅಧಿಕಾರಿ ಮತ್ತೆ ಸ್ಥಳ ಪರಿಶೀಲನೆ ಮಾಡಿ ಹೊಸದು ಕೊಡಿಸಬೇಕಾಯಿತು. ಜೂನ್‌ನಲ್ಲಿ ತಿಂಗಳಿಗೆ ₹800ರ ಮಂಜೂರಾತಿ ಆದೇಶ ಕೈಗೆ ಬಂತು. ಜುಲೈ, ಆಗಸ್ಟ್ ಕಳೆದರೂ ದುಡ್ಡಿಲ್ಲ. ಇಲ್ಲಿ ನೋಟ್‌ಬುಕ್ಕಿನ ಎರಡನೇ ನಿಯಮ ಫಲ ಕೊಟ್ಟಿತು. ಆದೇಶ ಬಂದಿದೆ ಎಂದು ಗೆರೆ ಎಳೆಯದೆ ಇದ್ದುದರಿಂದ ಸೆಪ್ಟೆಂಬರ್‌ನಲ್ಲಿ ಸರ್ಕಾರದ ನೇರ ನಗದು ಜಮೆ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆಗೆದು ನೋಡಿದರು: ದುಡ್ಡು ಪ್ರತಿ ತಿಂಗಳೂ ಹೋಗಿತ್ತು, ಬೆಂಗಳೂರಿನ ಬೇರೊಂದು ಖಾತೆಗೆ. ಗುಳೆ ಹೋಗಿದ್ದಾಗ ಅವಳು ಅಲ್ಲೊಂದು ಖಾತೆ ತೆರೆದು ಮರೆತಿದ್ದಳು. ಆಧಾರ್ ಮೂಲಕ ಬರುವ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂಬ ಪಟ್ಟಿಯಲ್ಲಿ, ಅಂದರೆ ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ, ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಊರಿನ ಶಾಖೆಯಲ್ಲಿ ಆಧಾರ್ ಸೀಡಿಂಗ್ ಫಾರಂ ಕೊಟ್ಟು ಬದಲಾಯಿಸಲು ಒಂದು ದಿನ ಸಾಕಾಯಿತು. ಈ ಒಂದು ತಪಾಸಣೆ ಎಲ್ಲ ಅರ್ಜಿಗಿಂತ ಮೊದಲು ಆಗಬೇಕಿತ್ತು. ಗುಳೆ ಹೋಗಿ ಬಂದ ಮನೆಗಳಲ್ಲಂತೂ ಇದು ಮೊದಲ ಕೆಲಸ.

ಗಂಡನ ಕಟ್ಟಡ ಕಾರ್ಮಿಕ ಕಾರ್ಡ್ ನವೀಕರಣವಾಗಿರಲಿಲ್ಲ, ಆ ದಾರಿ ಮುಚ್ಚಿತು.

ಸಾಲದ ಕಾರ್ಡಿನ ಹಿಂಬದಿ

ಸಾಲದ ವಿಷಯದಲ್ಲಿ ಎಲ್ಲರ ಲಕ್ಷ್ಯ ವಸೂಲಿ ಹುಡುಗರ ಮೇಲಿತ್ತು. ಅವರು ಬೆಳಿಗ್ಗೆ ಏಳಕ್ಕೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ ಎಂದು ಬೀಟ್ ಪೊಲೀಸ್ ಹೇಳಿದ ಮೇಲೆ ಆ ಕಾಟ ತಗ್ಗಿತು. ಬಾಕಿ ತಗ್ಗಲಿಲ್ಲ.

ಸಾಲದ ಕಾರ್ಡುಗಳನ್ನು ತಿರುಗಿಸಿ ನೋಡಿದ್ದು ಆರ್ಥಿಕ ಸಾಕ್ಷರತೆಯವರು. ಮೂರರಲ್ಲಿ ಎರಡು ಕಾರ್ಡಿನ ಹಿಂಬದಿ, ಸಾಲ ಕೊಡುವಾಗಲೇ ಮುರಿದುಕೊಂಡ ಮೊತ್ತಗಳ ಪಟ್ಟಿಯಲ್ಲಿ ವಿಮೆ ಎಂಬ ಸಾಲಿತ್ತು. ಇಂಥ ಸಾಲದ ವಿಮೆ ಬಹಳ ಸಲ ಸಾಲಗಾರ್ತಿಗೆ ಮಾತ್ರವಲ್ಲ, ಗಂಡನಿಗೂ ಅನ್ವಯಿಸುತ್ತದೆ. ಎರಡರಲ್ಲೂ ಗಂಡನ ಹೆಸರು ಇತ್ತು. ಅಂದರೆ ಗಂಡ ಸತ್ತ ದಿನವೇ ಮುಗಿಯಬೇಕಿದ್ದ ಎರಡು ಸಾಲಕ್ಕೆ ಅವಳು ಹತ್ತು ತಿಂಗಳು, ಗುಂಪಿನವರ ಬೈಗುಳ ತಿಂದು, ಕಂತು ಕಟ್ಟಿದ್ದಳು. ಒಂದು ಕಂಪನಿಯ ಫೀಲ್ಡ್ ಹುಡುಗ ಆಗಲೇ ಕ್ಲೇಮ್ ಹಾಕಿದ್ದ, ಹೆಸರು ಹೊಂದದೆ ಅದು ವಾಪಸ್ ಬಂದದ್ದನ್ನು ಅವಳಿಗೆ ಹೇಳಿರಲಿಲ್ಲ.

ತಿದ್ದಿದ ಮರಣ ಪತ್ರ, ಸಾಲದ ಕಾರ್ಡ್, ಇಬ್ಬರ ಆಧಾರ್, ಪಾಸ್‌ಬುಕ್ ಪ್ರತಿಯನ್ನು ಮೇ ತಿಂಗಳಲ್ಲಿ ಕೊಟ್ಟು, ಸ್ವೀಕೃತಿಯ ಮೇಲೆ ಶಾಖೆಯ ಸೀಲು ಹಾಕಿಸಿಕೊಂಡರು. ಬಾಯಿಮಾತಿನ "ಕಳಿಸೀವಿ" ಇಲ್ಲಿ ನಡೆಯುವುದಿಲ್ಲ. ಆಗಸ್ಟ್‌ನಲ್ಲಿ ಎರಡೂ ಸಾಲ ಚುಕ್ತಾ ಆದವು. ಮೂರನೆಯದಕ್ಕೆ ವಿಮೆ ಇರಲಿಲ್ಲ. ಅದನ್ನು ಹದಿನೈದು ದಿನಕ್ಕೆ ₹500ರಂತೆ ಕಟ್ಟಲು ಶಾಖೆ ಒಪ್ಪಿತು. ಹೀಗೆ ₹6,400 ಇದ್ದ ಹೊರೆ ₹1,000ಕ್ಕೆ ಇಳಿಯಿತು. ಇಡೀ ಪ್ರಕರಣದಲ್ಲಿ ಮನೆಗೆ ಇಷ್ಟು ಉಸಿರು ಕೊಟ್ಟ ಕೆಲಸ ಬೇರೊಂದಿಲ್ಲ. ಅದಕ್ಕೆ ಸರ್ಕಾರದ ಬೊಕ್ಕಸದಿಂದ ಒಂದು ರೂಪಾಯಿಯೂ ಬೇಕಾಗಲಿಲ್ಲ.

ಕೌದಿ ಮತ್ತು ಚಮಚ

ಹುಡುಗನ ಕಾಗದ ಬೇರೆ ಕಥೆ. ಎರಡು ವರ್ಷದವನಿದ್ದಾಗ ಮಾಡಿಸಿದ ಆಧಾರ್‌ಗೆ ಐದು ತುಂಬಿದ ಮೇಲೆ ಬಯೋಮೆಟ್ರಿಕ್ ಸೇರಿಸಬೇಕು, ಸೇರಿಸಿರಲಿಲ್ಲ. ಅದಿಲ್ಲದೆ ರೇಷನ್ ಇ-ಕೆವೈಸಿ ಆಗದು, ಬ್ಯಾಂಕ್ ಖಾತೆಯೂ ಆಗದು. ಕೇಂದ್ರಕ್ಕೆ ಹೊತ್ತುಕೊಂಡು ಹೋದರೆ ಬಿಗಿದ ಮುಷ್ಟಿ ಬಿಚ್ಚದೆ ಬೆರಳಚ್ಚು ಬರಲಿಲ್ಲ. ಆಪರೇಟರ್ ನಾಳೆ ಬನ್ನಿ ಎಂದ. ಬೆರಳು ಕೊಡಲಾಗದವರಿಗೆ ಬಯೋಮೆಟ್ರಿಕ್ ವಿನಾಯಿತಿಯ ಆಯ್ಕೆ ಅದೇ ತಂತ್ರಾಂಶದಲ್ಲಿದೆ. ಪುನರ್ವಸತಿ ಕಾರ್ಯಕರ್ತ ಪಕ್ಕದಲ್ಲಿ ನಿಂತು ಅದನ್ನು ಆರಿಸಲು ಹೇಳಿದ ಮೇಲೆ ಹತ್ತು ನಿಮಿಷದಲ್ಲಿ ಮುಗಿಯಿತು. ಆಮೇಲೆ ಜಿಲ್ಲಾಸ್ಪತ್ರೆಯಲ್ಲಿ ತಪಾಸಣೆ, 80 ಶೇಕಡಾ ಎಂದು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್. 75 ಶೇಕಡಾ ಮೀರಿದ್ದರಿಂದ ಮಾಸಾಶನ ₹800 ಬದಲು ₹1,400. ಅಕ್ಟೋಬರ್‌ನಿಂದ ಬರತೊಡಗಿತು.

ಆದರೆ "ಯಾರ ಕೈಯಾಗ ಕೊಟ್ಟು ಹೋಗ್ಲಿ" ಎಂಬ ಪ್ರಶ್ನೆ ಹಾಗೇ ಇತ್ತು. ನರೇಗಾ ಕೂಲಿ ಆಗ ದಿನಕ್ಕೆ ₹349. ಕೆಲಸ ಕೇಳುವ ಫಾರಂ 6 ಬರೆದುಕೊಟ್ಟರೆ ಕೆಲಸ ಸಿಗುತ್ತಿತ್ತು. ಆದರೆ ಹಾಜರಿ ಹಾಕುವ ಎನ್‌ಎಂಎಂಎಸ್ ಆ್ಯಪ್‌ನಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನದ ಮೇಲೆ ಒಂದು ಫೋಟೊ ಬೇಕಿತ್ತು, ನಡುವೆ ಮನೆಗೆ ಬಂದು ಮಗನಿಗೆ ಉಣಿಸಿ ಹೋಗಲು ಆಗುತ್ತಿರಲಿಲ್ಲ. ಪಂಚಾಯ್ತಿಯ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಚಿಕ್ಕ ಮಕ್ಕಳಿಗೆ, 8 ವರ್ಷದವನನ್ನು ಅಲ್ಲಿ ಸೇರಿಸಿಕೊಳ್ಳುವಂತಿಲ್ಲ. ಮನೆಯಲ್ಲೇ ಮೇಕೆ ಶೆಡ್ ಕಾಮಗಾರಿ ಕೊಡೋಣ ಎಂಬ ಸಲಹೆ ಬಂತು. ಸಾಮಗ್ರಿಯ ದುಡ್ಡನ್ನು ಮೊದಲು ಮನೆಯವರೇ ಹಾಕಿ, ಬಿಲ್ಲಿಗೆ ಕಾಯಬೇಕಾಗುತ್ತದೆ. ಇಂಥ ಮನೆಗೆ ಅದು ಇನ್ನೊಂದು ಸಾಲ.

ಜೂನ್‌ನಲ್ಲಿ ಎಲ್ಲರೂ ಸೇರಿ ಹಿರಿಮಗಳಿಗೆ ಮೆಟ್ರಿಕ್ ಪೂರ್ವ ಬಾಲಕಿಯರ ವಿದ್ಯಾರ್ಥಿನಿಲಯದಲ್ಲಿ ಸೀಟು ಕೊಡಿಸಿದರು. ಮದುವೆಯ ಒತ್ತಡದಿಂದ ದೂರ, ಓದು, ಊಟ, ಎಲ್ಲವೂ ಸರಿ. ಹನ್ನೆರಡನೇ ದಿನಕ್ಕೆ ಅವಳು ಮನೆಗೆ ಬಂದಳು. ಮತ್ತೆ ಮದುವೆಗೆ ಎಬ್ಬಿಸಿರಬೇಕು ಎಂದು ಇಲಾಖೆಯವರು ಅನುಮಾನಪಟ್ಟರು. ಕಾರಣ ಅದಲ್ಲ. ಅವಳ ತಮ್ಮ, ಅಂದರೆ ಈ ಹುಡುಗ, ಬೇರೆಯವರ ಕೈಯಲ್ಲಿ ಉಣ್ಣುತ್ತಿರಲಿಲ್ಲ. ತಾಯಿ ಉಣಿಸಿದರೆ ಕೆಮ್ಮಿ, ನೆತ್ತಿಗೇರಿ, ಅರ್ಧಕ್ಕೇ ಬಿಡುತ್ತಿದ್ದ. ಎರಡು ವಾರದಲ್ಲಿ ಕಂಡಾಪಟ್ಟೆ ಇಳಿದುಹೋಗಿದ್ದ.

ಇದನ್ನು ಕೇಳಿ ಬಿಐಇಆರ್‌ಟಿ ಊಟದ ಹೊತ್ತಿಗೇ ಬಂದು ಕೂತು ನೋಡಿದರು. ಬಹುಶಃ ಇಡೀ ಪ್ರಕರಣದ ತಿರುವು ಇದೇ. ತಾಯಿ ಮಗನನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ನೀರಾದ ಗಂಜಿಯನ್ನು ಮೇಲಿನಿಂದ ಹೊಯ್ಯುತ್ತಿದ್ದಳು. ಅದು ಅನ್ನನಾಳ ಬಿಟ್ಟು ಶ್ವಾಸನಾಳಕ್ಕೆ ಜಾರುತ್ತಿತ್ತು. ವರ್ಷದಲ್ಲಿ ನಾಲ್ಕು ಸಲ ಕಫ ಕಟ್ಟಿದ್ದೂ ಇದರಿಂದಲೇ ಇರಬೇಕೆಂದು ವೈದ್ಯರು ಆಮೇಲೆ ಹೇಳಿದರು. ಅಕ್ಕ ಯಾರೂ ಹೇಳಿಕೊಡದೆ ತಾನಾಗಿಯೇ ಅವನನ್ನು ಗೋಡೆಗೆ ಆನಿಸಿ ಕೂರಿಸಿ ಉಣಿಸುತ್ತಿದ್ದಳು. ಗುಟ್ಟು ಅಷ್ಟೇ.

ಸೆರೆಬ್ರಲ್ ಪಾಲ್ಸಿ ಮಕ್ಕಳನ್ನು ಕೂರಿಸುವ ಸಿಪಿ ಕುರ್ಚಿ ಬರಲು ಆರು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಎರಡು ಗೋಡೆ ಕೂಡುವ ಮೂಲೆಯೇ ಕುರ್ಚಿ. ಮೂಲೆಯಲ್ಲಿ ಕೌದಿ ಮಡಚಿ ಹಾಸಿ, ಎರಡೂ ಮಗ್ಗುಲಿಗೆ ಕೌದಿಯ ಸುರುಳಿ, ಮಂಡಿ ಕೆಳಗೆ ಇನ್ನೊಂದು ಸುರುಳಿ, ಸೊಂಟ ನೆಟ್ಟಗೆ, ತಲೆ ತುಸು ಮುಂದಕ್ಕೆ. ಉಣಿಸುವವರು ಅವನ ಕಣ್ಣಿನ ಮಟ್ಟದಲ್ಲಿ ಎದುರು ಕೂರಬೇಕು. ಚಮಚ ಮುಂದಿನಿಂದ, ಬಾಯಿಯ ಮಟ್ಟದಲ್ಲೇ ಬರಬೇಕು, ಮೇಲಿನಿಂದ ಅಲ್ಲ. ಗಂಜಿ ಚಮಚದಿಂದ ತೊಟ್ಟಿಕ್ಕದಷ್ಟು ಮಂದವಾಗಿರಬೇಕು. ಒಂದು ತುತ್ತು ನುಂಗಿದ್ದು ಕಂಡ ಮೇಲೆಯೇ ಇನ್ನೊಂದು. ಊಟವಾದ ಮೇಲೆ ಅರ್ಧ ತಾಸು ಹಾಗೇ ಕೂರಿಸಬೇಕು. ಬಿಐಇಆರ್‌ಟಿ ವಾರಕ್ಕೊಮ್ಮೆಯಂತೆ ಆರು ಸಲ ಬಂದು ಇದನ್ನು ತಾಯಿಗಷ್ಟೇ ಅಲ್ಲ, ಅಜ್ಜಿಗೂ ಕಲಿಸಿದರು.

ಅಜ್ಜಿ ಬಂದದ್ದು ಹೀಗೆ. ಗೃಹಲಕ್ಷ್ಮಿಯ ₹2,000 ಯಜಮಾನಿಯಾದ ಅವಳ ಖಾತೆಗೆ ಬಂದು ಕಿರಿಮಗನ ಮನೆಗೆ ಹೋಗುತ್ತಿತ್ತು, ವೃದ್ಧಾಪ್ಯದ ಮಾಸಾಶನ ಸಂಧ್ಯಾ ಸುರಕ್ಷಾ ₹1,200 ಕೂಡ. ಕಾರ್ಡಿನಲ್ಲಿ ಯಜಮಾನಿಯನ್ನು ಬದಲಾಯಿಸಿ ತಾಯಿಯ ಹೆಸರು ಮೊದಲು ತನ್ನಿ ಎಂಬುದು ಎಲ್ಲರ ಸಲಹೆ, ಅರ್ಜಿಯೂ ಸಿದ್ಧವಿತ್ತು. ಪಿಡಿಒ ತಡೆದರು. ಬದಲಾವಣೆ ಆಗುವವರೆಗೆ ಕಂತು ನಿಲ್ಲಬಹುದು, ಅತ್ತೆ ಸೊಸೆಯ ನಡುವಿನ ಮಾತು ಶಾಶ್ವತವಾಗಿ ನಿಲ್ಲುತ್ತದೆ. ಬದಲಿಗೆ ಓಣಿಯ ಇಬ್ಬರು ಹಿರಿಯ ಹೆಂಗಸರು ಅಜ್ಜಿಯ ಹತ್ತಿರ ಹೋಗಿ, ಮೊಮ್ಮಗನ್ನ ನೋಡಿಕೊಳ್ಳಾಕ ಆ ಮನಿಯಾಗ ಇರು ಯವ್ವಾ, ನಿನ್ನ ರೊಕ್ಕ ನಿನ್ನ ಕೈಯಾಗ ಇರಲಿ ಎಂದರು. ಕಿರಿಮಗ ಸಿಟ್ಟಾದ. ಅಜ್ಜಿ ಆಗಸ್ಟ್‌ನಲ್ಲಿ ತನ್ನ ಟ್ರಂಕು ಹೊರಿಸಿಕೊಂಡು ಬಂದಳು. ದಾಖಲೆಯಲ್ಲಿ ತಪ್ಪು ಎಂದು ಕಂಡದ್ದನ್ನು ತಿದ್ದದೆ ಬಿಟ್ಟದ್ದರಿಂದ ಆದ ಕೆಲಸ ಇದು. ಎಲ್ಲ ಮನೆಗೂ ಈ ಮದ್ದು ಒಗ್ಗೀತೆಂದು ಹೇಳಲಾಗದು.

ಅಜ್ಜಿ ಬಂದ ಮರುವಾರವೇ ಹಿರಿಮಗಳು ಊರಿನ ಶಾಲೆಯಲ್ಲಿ 9ಕ್ಕೆ ಮತ್ತೆ ಕೂತಳು. ತಾಯಿ ಆ ವರ್ಷ ನರೇಗಾದಲ್ಲಿ 58 ದಿನ ದುಡಿದಳು.

ಮುಚ್ಚಳಿಕೆಯ ಆಚೆ

ಬಾಲ್ಯವಿವಾಹದ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮುಚ್ಚಳಿಕೆ ಬರೆಸಿದ ಮೇಲೂ ಬೇರೆ ಊರಿನ ಗುಡಿಯಲ್ಲಿ ಬೆಳಗಿನ ಜಾವ ತಾಳಿ ಕಟ್ಟಿಸುವುದು ಹೊಸತಲ್ಲ. ಹಾಗಾಗಿ ಬಾಲ್ಯವಿವಾಹ ನಿಷೇಧ ಕಾಯ್ದೆಯ ಸೆಕ್ಷನ್ 13ರಡಿ ನ್ಯಾಯಾಲಯದ ತಡೆಯಾಜ್ಞೆ ತರುವ ಚರ್ಚೆ ನಡೆಯಿತು. ತರಲಿಲ್ಲ. ಹುಡುಗಿಯನ್ನು ಬಾಲಮಂದಿರಕ್ಕೆ ಕಳಿಸುವ ಮಾತನ್ನೂ ಮಕ್ಕಳ ಕಲ್ಯಾಣ ಸಮಿತಿ ಕೈಬಿಟ್ಟಿತು, ಸಂಸ್ಥೆ ಕೊನೆಯ ದಾರಿ ಎಂಬ ತತ್ವದ ಮೇಲೆ. ಬದಲಿಗೆ ಸತತ ಮೂರು ದಿನ ಗೈರಾದರೆ ಮುಖ್ಯೋಪಾಧ್ಯಾಯರು ಅದೇ ದಿನ ಕಾರ್ಯಕರ್ತನಿಗೆ ತಿಳಿಸಬೇಕು ಎಂದು ಗೊತ್ತುಮಾಡಿದರು. ಎರಡು ಸಲ ಹಾಗೆ ಫೋನ್ ಬಂತು, ಎರಡು ಸಲವೂ ಜ್ವರ.

ಎರಡನೆಯದು: ಮದುವೆ ನಿಲ್ಲಿಸಿದವರು ಯಾರೂ ಆ ಮದುವೆಯ ಹಿಂದಿನ ₹2,000ದ ಲೆಕ್ಕ ಕೇಳಲಿಲ್ಲ. ಪೊಲೀಸರು ಬಂದು ಹೋದ ತಿಂಗಳಿನಿಂದ ಸೋದರಮಾವ ದುಡ್ಡು ಕಳಿಸುವುದನ್ನು ನಿಲ್ಲಿಸಿದ. ಮನೆ ನಿಜಕ್ಕೂ ಕುಸಿದದ್ದು ಆಗ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ತಿಂಗಳಿಗೆ ₹4,000, ಹಿರಿಮಗಳ ಹೆಸರಿಗೆ ಮಂಜೂರಾದದ್ದು ಅಕ್ಟೋಬರ್‌ನಲ್ಲಿ, ಖಾತೆಗೆ ಬಿದ್ದದ್ದು 2025ರ ಜನವರಿಯಲ್ಲಿ. ನಡುವಿನ ತಿಂಗಳುಗಳನ್ನು ತುಂಬುವ ಯಾವ ವ್ಯವಸ್ಥೆಯೂ ಇರಲಿಲ್ಲ. ಅಂಗನವಾಡಿ ಕಾರ್ಯಕರ್ತೆ ನಾಲ್ಕು ಮನೆಗಳಿಂದ ಜೋಳ ಎತ್ತಿಸಿಕೊಟ್ಟರು, ಅಷ್ಟೇ.

2024ರ ಮಾರ್ಚ್‌ನಲ್ಲಿಯೇ ತಾಯಿ ಆಶಾ ಮುಂದೆ, ಮಕ್ಕಳನ್ನ ಕರಕೊಂಡು ಹೋಗಿಬಿಡ್ತೀನಿ ಎಂದಳು. ಎಲ್ಲಿಗೆ ಎಂದು ಹೇಳಲಿಲ್ಲ. ಆಶಾ ಮಾತು ತೇಲಿಸಲಿಲ್ಲ. ಸಾಯಬೇಕಂತ ಅನಸ್ತದೇನವ್ವ ಎಂದು ನೇರವಾಗಿ ಕೇಳಿದರು, ಅವಳು ಹೂಂ ಎಂದಳು. ಆ ರಾತ್ರಿ ನೆರೆಮನೆಯಾಕೆ ಜೊತೆಗೆ ಮಲಗಿದಳು. ಹತ್ತಿಗೆ ಹೊಡೆಯುವ ಎಣ್ಣೆಯ (ಕೀಟನಾಶಕದ) ಅರ್ಧ ಡಬ್ಬಿ ಅಟ್ಟದ ಮೇಲಿತ್ತು, ಅದನ್ನು ಅಂದೇ ಮನೆಯಿಂದ ಹೊರಗೆ ಸಾಗಿಸಿದರು. ಅಲ್ಲಿಂದಲೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಭೇಟಿ, ಆಶಾ ಜೊತೆಗೇ ಹೋದರು. ಮಾತ್ರೆ ಎಂಟು ತಿಂಗಳು ನಡೆಯಿತು. ಮೊದಲ ಎರಡು ವಾರ ಏನೂ ಗುಣ ಕಾಣದು, ಬಿಡಬೇಡ ಎಂದು ಮೊದಲೇ ಹೇಳಿದ್ದರಿಂದ ಅವಳು ನಡುವೆ ಬಿಡಲಿಲ್ಲ.

2025ರ ಜೂನ್‌ನ ಪುಟ

ತಿಂಗಳಿಗೆ ಖಾತ್ರಿಯಾಗಿ ಮನೆಗೆ ಬರುವುದು: ವಿಧವಾ ವೇತನ ₹800, ಮಗನ ಮಾಸಾಶನ ₹1,400, ಅಜ್ಜಿಯ ಎರಡೂ ಸೇರಿ ₹3,200, ಪ್ರಾಯೋಜಕತ್ವ ₹4,000. ಬರುವ ದಿನ ಹೆಚ್ಚುಕಡಿಮೆ ಆಗುತ್ತದೆ. ₹20,000ದ ಕುಟುಂಬ ನೆರವಿನಲ್ಲಿ ಗುಂಪಿನ ಹೆಂಗಸರು ತನಗಾಗಿ ಕಟ್ಟಿದ್ದ ಕಂತನ್ನು ತಾಯಿ ಮೊದಲು ತೀರಿಸಿದಳು. ಅದು ಯಾರ ಸಲಹೆಯೂ ಅಲ್ಲ. ಹಿರಿಮಗಳು 10ನೇ ತರಗತಿಯಲ್ಲಿದ್ದಾಳೆ. ಸೋದರಮಾವನಿಗೆ ಬೇರೆ ಕಡೆ ಲಗ್ನವಾಯಿತು, ಮಾತು ಇನ್ನೂ ಪೂರ್ತಿ ಸರಿಹೋಗಿಲ್ಲ. ಹುಡುಗನಿಗೆ ಆ ಚಳಿಗಾಲದಲ್ಲಿ ಒಂದೇ ಸಲ ಕಫ ಕಟ್ಟಿತು.

ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯದೆ ಉಳಿದ ಸಾಲುಗಳು ಐದು. ಅಜ್ಜಿಯ ಬಲಗಣ್ಣಿನ ಪೊರೆ, ಅವಳಿಗೆ ಕಣ್ಣು ಮಂಜಾದರೆ ಉಣಿಸುವುದು ಮತ್ತೆ ಯಾರ ಪಾಲಿಗೆ ಎಂಬ ಪ್ರಶ್ನೆಯ ಸಮೇತ. ಸಿಪಿ ಕುರ್ಚಿಯ ಬೆಲ್ಟು ಹರಿದಿದೆ. 2026ರ ನವೆಂಬರ್‌ಗೆ ಹಿರಿಮಗಳಿಗೆ 18, ಪ್ರಾಯೋಜಕತ್ವ ನಿಲ್ಲುತ್ತದೆ. ಕಿರಿಮಗಳ ಆಧಾರ್‌ಗೆ ಬಯೋಮೆಟ್ರಿಕ್ ಸೇರಿಸಬೇಕು, ಐದು ತುಂಬಿದೆ. ಕೊನೆಯ ಸಾಲು ಕಾರ್ಯಕರ್ತನದೇ ಅಕ್ಷರದಲ್ಲಿ: ನನಗೆ ಬೇರೆ ಪಂಚಾಯ್ತಿಗೆ ಹಾಕಿದರೆ ಪುಸ್ತಕ ಯಾರಿಗೆ ಕೊಡಬೇಕು, ಪಿಡಿಒ ಅವರನ್ನು ಕೇಳುವುದು.